ಬೆಕ್ಕು-ಕೋಳಿಮರಿ ಸಹಬಾಳ್ವೆ ಮಹೋತ್ಸವ

ಬಹಳ ಹಿಂದೆ, ಅಂದರೆ ಈ ಪತ್ರಿಕೆ ನಿಮ್ಮ ಮನೆಬಾಗಿಲಿಗೆ ಬಂದು ಬೀಳುವುದಕ್ಕೆ ಸಾಕಷ್ಟು ಮುಂಚೆ, ಕುಕ್ಕುಟಾವತಿ ಎಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದವನು ಸರ್ವಸಮ್ಮತಸೇನ ಮಹಾರಾಜ. ಪಟ್ಟಕ್ಕೆ ಬಂದ ವರ್ಷ ಆತ 'ಹಿತ್ತಲಿಗೊಂದು ಹೇಂಟೆ' ಯೋಜನೆಯಡಿ ಮನೆಮನೆಗೂ ಕೋಳಿ ಹಂಚಿ ಜೈಕಾರ ಹಾಕಿಸಿಕೊಂಡಿದ್ದ. ಮರುವರ್ಷ ಜೈಕಾರದ ಸದ್ದು ತುಸು ತಗ್ಗಿದಂತೆ ಕೇಳಿಸಿತು. ಕೂಡಲೇ 'ಮಡಿಲಿಗೊಂದು ಮಾರ್ಜಾಲ' ಎಂಬ ಇನ್ನೊಂದು ಯೋಜನೆ ತಂದು ಅದೇ ಮನೆಗಳಿಗೆ ಬೆಕ್ಕುಗಳನ್ನೂ ಹಂಚಿದ. ಎರಡೂ ಯೋಜನೆಗಳು ಒಂದೇ ಹಿತ್ತಲಿನಲ್ಲಿ ಭೇಟಿಯಾದರೆ ಏನಾಗುತ್ತದೆಂದು ಯೋಚಿಸುವ ಕೆಲಸ ಯಾವ ಇಲಾಖೆಯ ವ್ಯಾಪ್ತಿಗೂ ಬರುತ್ತಿರಲಿಲ್ಲ.

ಭೇಟಿಯಾದವು. ಕೋಳಿಮರಿಗಳು ಕಾಣೆಯಾಗತೊಡಗಿದವು.

ಆಸ್ಥಾನದಲ್ಲಿ ಪರಾಕು ಹೇಳುತ್ತಿದ್ದ ದುಂಡಪ್ಪಯ್ಯನ ಮನೆಗೂ ಈ ಎರಡು ಭಾಗ್ಯಗಳು ಬಂದಿದ್ದವು. ದುಂಡಪ್ಪಯ್ಯನದು ಭಾರೀ ಗಂಟಲು, ಪುಟ್ಟ ಧೈರ್ಯ. ಆದರೆ ಅವನ ಹೆಂಡತಿ ಚೆಲುವಾಜಮ್ಮ ಮರದ ಪೆಟ್ಟಿಗೆಯೊಂದಕ್ಕೆ ಸಣ್ಣ ಕಣ್ಣಿನ ತಂತಿಬಲೆ ಬಿಗಿದು, ಮೇಲೊಂದು ಗಟ್ಟಿ ಮುಚ್ಚಳ ಹಾಕಿ, ಕೆಂಚಿ ಎಂಬ ಹೇಂಟೆಯನ್ನೂ ಅದರ ಮರಿಗಳನ್ನೂ ಒಳಗೆ ಬಿಟ್ಟಿದ್ದಳು. ಬೆಕ್ಕು ಮೊದಮೊದಲು ಬಲೆಯ ಮುಂದೆ ತಪಸ್ಸಿಗೆ ಕೂತಿತು. ಆಮೇಲೆ ಬೇಜಾರಾಗಿ ಬೆನ್ನು ತಿರುಗಿಸಿ ಮಲಗಿತು.

"ಮರಿ ದೊಡ್ಡವಾಗೋವರ್ಗೂ ಹಿಂಗೇ ಇರ್ಲಿ. ಆಮೇಲೆ ಬೆಕ್ಕೇ ದಾರಿ ಬಿಡುತ್ತೆ," ಎಂದಳು ಚೆಲುವಾಜಮ್ಮ. ದುಂಡಪ್ಪಯ್ಯನಿಗೆ ಆ ಮರಿಗಳ ಮೇಲೆ ಎಲ್ಲಿಲ್ಲದ ಅಕ್ಕರೆ. ಅವನು ಪರಾಕು ಹೇಳದೆ ಬರೀ ಮಾತಾಡುತ್ತಿದ್ದುದು ಅವುಗಳ ಜೊತೆ ಮಾತ್ರ.

ಹೀಗಿರಲು ಪ್ರಜೆಗಳು ಬರಿದಾದ ಗೂಡುಗಳನ್ನು ಹೊತ್ತು ಆಸ್ಥಾನಕ್ಕೆ ಬಂದರು. ಮಹಾರಾಜನಿಗೆ ಬಹಳ ನೋವಾಯಿತು.

"ನಾವು ಕೊಟ್ಟ ಬೆಕ್ಕು ನಾವು ಕೊಟ್ಟ ಕೋಳಿಯ ಮರಿಯನ್ನು ತಿನ್ನುವುದೆ? ಏನಿದು ಮಹಾಮಂತ್ರಿಗಳೇ?"

ಮಹಾಮಂತ್ರಿ ತಥಾಸ್ತು ಪಂಡಿತರು ಶಲ್ಯ ಸರಿಪಡಿಸಿಕೊಂಡರು. "ತಿಂದಿಲ್ಲ ಪ್ರಭು. ಮರಿಗಳು ಬೆಕ್ಕಿನೊಳಗೆ ಸ್ಥಳಾಂತರಗೊಂಡಿವೆ, ಅಷ್ಟೆ. ರಾಜ್ಯದ ಒಟ್ಟು ಜೀವರಾಶಿಯ ತೂಕದಲ್ಲಿ ಗುಲಗಂಜಿಯಷ್ಟೂ ನಷ್ಟವಿಲ್ಲ. ಇರುವುದೊಂದೇ ಸಮಸ್ಯೆ, ಅರಿವಿನ ಕೊರತೆ. ಭವ್ಯವಾದ ಸಹಬಾಳ್ವೆ ಮಹೋತ್ಸವ ನಡೆಯಲಿ. ಅರಮನೆಯ ಮುದ್ದಿನ ಬೆಕ್ಕು ನವನೀತಾದೇವಿ ಕೋಳಿಮರಿಗಳೊಂದಿಗೆ ಒಂದೇ ದಿಂಬಿನ ಮೇಲೆ ವಿರಾಜಮಾನಳಾಗಲಿ. ಒಳ್ಳೆಯ ಫೋಟೋ ಬರುತ್ತದೆ."

ಮಹಾರಾಜ ಹಿಗ್ಗಿದ. ಆದರೆ ಊರೆಲ್ಲ ಜಾಲಾಡಿದರೂ ಒಂದು ಮರಿಯೂ ಸಿಗಲಿಲ್ಲ. ಪ್ರಭುವಿನ ಮುಖ ಬಾಡಿದ್ದನ್ನು ಕಂಡ ದುಂಡಪ್ಪಯ್ಯ, ಕಸುಬಿನ ಅಭ್ಯಾಸಬಲದಿಂದ, "ನಮ್ಮನೇಲಿವೆ ಮಹಾಸ್ವಾಮೀ!" ಎಂದು ಕೂಗಿಬಿಟ್ಟ.

"ನಿಮಗೇನಾದ್ರೂ ಬುದ್ಧಿ ಇದೆಯೇನ್ರೀ?" ಮನೆಯಲ್ಲಿ ಚೆಲುವಾಜಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. "ಇನ್ನೂ ಹತ್ತಿಯುಂಡೆ ಥರ ಇವೆ. ಆ ಅರಮನೆ ಬೆಕ್ಕಿನ ಮುಂದೆ ಇಡ್ತಾರಂತೆ!"

"ಬಾಯಿಗೆ ಬಂದ್ಬಿಡ್ತು ಕಣೇ. ಈಗ ಇಲ್ಲ ಅಂದ್ರೆ ತಲೆ ಹೋಗುತ್ತೆ."

"ಹಂಗಾದ್ರೆ ಕೆಂಚಿ, ಪೆಟ್ಟಿಗೆ, ಎಲ್ಲಾ ಸಮೇತ ತಗೊಂಡ್ಹೋಗಿ. ಮುಚ್ಚಳ ಮಾತ್ರ ಯಾರು ಹೇಳಿದ್ರೂ ತೆಗೀಬೇಡಿ."

ಮಹೋತ್ಸವದ ದಿನ ಅರಮನೆಯ ಬಯಲು ಕಿಕ್ಕಿರಿದಿತ್ತು. ಬೆಕ್ಕೂ ಕೋಳಿಮರಿಯೂ ತಬ್ಬಿಕೊಂಡಿರುವ ಲೋಗೋ ಎಲ್ಲೆಲ್ಲೂ ರಾರಾಜಿಸುತ್ತಿತ್ತು. ವೇದಿಕೆಯ ನಡುವೆ ಮಕಮಲ್ಲಿನ ದಿಂಬು, ಅದರ ಮೇಲೆ ಬೆಣ್ಣೆಮುದ್ದೆಯಂತೆ ನವನೀತಾದೇವಿ. ಪಕ್ಕದಲ್ಲಿ ದುಂಡಪ್ಪಯ್ಯನ ಪೆಟ್ಟಿಗೆ.

ಮಹಾಮಂತ್ರಿಗಳು ಹುಬ್ಬು ಗಂಟಿಕ್ಕಿದರು. "ಸಹಬಾಳ್ವೆಯ ವೇದಿಕೆಯ ಮೇಲೆ ತಂತಿಬಲೆಯೆ? ಇದು ಅಪನಂಬಿಕೆಯ ಸಂಕೇತ! ತೆಗೆಯಯ್ಯಾ ಮುಚ್ಚಳ."

"ಮಹಾಸ್ವಾಮಿ, ಮುಚ್ಚಳ..." ಎಂದ ದುಂಡಪ್ಪಯ್ಯ. ಮಹಾರಾಜ ಅವನತ್ತ ನೋಡಿದ. ದುಂಡಪ್ಪಯ್ಯ ಕಣ್ಣುಮುಚ್ಚಿ ಮುಚ್ಚಳ ತೆಗೆದ.

ಮರಿಗಳು ಚಿಂವ್ ಚಿಂವ್ ಎನ್ನುತ್ತ ದಿಂಬಿನ ಮೇಲೆ ಉರುಳಿಬಂದವು. ನವನೀತಾದೇವಿ ಒಂದು ಕಣ್ಣು ತೆರೆದಳು. ಮೈ ತಗ್ಗಿಸಿ, ಹಿಂಭಾಗವನ್ನು ಮೆಲ್ಲಗೆ ಅಲ್ಲಾಡಿಸಿದಳು.

"ನಮಸ್ಕರಿಸುತ್ತಿದ್ದಾಳೆ ಪ್ರಭು!" ಎಂದು ಮಹಾಮಂತ್ರಿಗಳು ಗದ್ಗದಿತರಾದರು.

ದೇವಿ ಜಿಗಿದಳು. ಅದೇ ಕ್ಷಣ ಪೆಟ್ಟಿಗೆಯೊಳಗಿಂದ ಕೆಂಚಿ ಪಟಾಕಿಯಂತೆ ಸಿಡಿದು ಬಂತು. ರೆಕ್ಕೆ, ಕೊಕ್ಕು, ಉಗುರು ಎಲ್ಲ ಏಕಕಾಲಕ್ಕೆ ಬಡಿದಾಗ ನವನೀತಾದೇವಿಗೆ ಜಗತ್ತಿನಲ್ಲಿ ಎತ್ತರದ ಜಾಗವೊಂದು ತುರ್ತಾಗಿ ಬೇಕಾಯಿತು. ಆಕೆ ಮಹಾರಾಜನ ಜರಿಪಂಚೆ ಹಿಡಿದು, ಹೊಟ್ಟೆ ಹತ್ತಿ, ಗಡ್ಡ ದಾಟಿ, ಕಿರೀಟವೇರಿ ಕೂತಳು. ಕೆಂಚಿಯೂ ಬಿಡಲಿಲ್ಲ. ತಲೆಯ ಮೇಲೆ ಬೆಕ್ಕು, ಬೆನ್ನ ಹಿಂದೆ ಹೇಂಟೆ, ನಡುವೆ "ಅಯ್ಯಯ್ಯೋ!" ಎನ್ನುತ್ತ ಸರ್ವಸಮ್ಮತಸೇನ ವೇದಿಕೆಯನ್ನು ಸುತ್ತಿದ. ಜನ ಬಿದ್ದು ಬಿದ್ದು ನಕ್ಕರು. "ಕೆಂಚಿಗೆ ಜೈ!" ಎಂದು ಯಾರೋ ಕೂಗಿದರು. ಬಯಲೆಲ್ಲ ಜೈ ಎಂದಿತು.

ದುಂಡಪ್ಪಯ್ಯ ನಗಲಿಲ್ಲ. ಯಾರ ಅಪ್ಪಣೆಯನ್ನೂ ಕೇಳದೆ ಅವನು ಮೊಣಕಾಲೂರಿ ಮರಿಗಳನ್ನೆಲ್ಲ ಬಾಚಿ ತನ್ನ ಪೇಟದೊಳಗೆ ತುಂಬಿಕೊಂಡು, ಪೇಟವನ್ನು ತಲೆಗೇರಿಸಿ ಎದ್ದು ನಿಂತ. ಒಂದಕ್ಕೂ ಗಾಯವಾಗಿರಲಿಲ್ಲ. ನೆತ್ತಿಯ ಮೇಲೆ ಬೆಚ್ಚಗೆ ಏನೋ ಮಿಸುಕಾಡಿದಾಗ ಅವನಿಗೆ ಅಳು ಬಂದಂತಾಯಿತು.

ಅಷ್ಟರಲ್ಲಿ ಭಟರು ಕೆಂಚಿಯನ್ನು ಹಿಡಿದಿದ್ದರು. ಏದುಸಿರು ಬಿಡುತ್ತಿದ್ದ ಮಹಾರಾಜನ ಕಿವಿಗೆ ಬಿದ್ದದ್ದು 'ಜೈ' ಎಂಬ ಕೊನೆಯ ಅಕ್ಷರ ಮಾತ್ರ. ಮಹಾಮಂತ್ರಿಗಳು ಅವಕಾಶ ಬಿಡಲಿಲ್ಲ.

"ಮಹೋತ್ಸವ ಅಭೂತಪೂರ್ವ ಯಶಸ್ಸು ಪ್ರಭು! ತಾಯಿಕೋಳಿಯೊಂದು ಮೂಗು ತೂರಿಸದಿದ್ದರೆ ಸಹಬಾಳ್ವೆ ಇನ್ನೇನು ಸಾಧಿತವಾಗಿತ್ತು. ಅದು ಗಡಿಪಾರಾಗಲಿ. ಬೆಕ್ಕಿನ ಹಾದಿಗೆ ಅಡ್ಡವಾದ ತಂತಿಬಲೆಗಳೆಲ್ಲ ಜಪ್ತಿಯಾಗಲಿ. ಇನ್ನು ನವನೀತಾದೇವಿ... ಕಿರೀಟವನ್ನೇ ಏರಿದವಳಿಗೆ ಒಂದು ಖಾತೆಯನ್ನಾದರೂ ಕೊಡದಿದ್ದರೆ ಹೇಗೆ?"

"ಯಾವ ಖಾತೆ?"

"ಕುಕ್ಕುಟ ಕಲ್ಯಾಣ. ವಿಷಯದಲ್ಲಿ ಆಕೆಗೆ ಆಳವಾದ ಆಸಕ್ತಿಯಿದೆ."

"ತಥಾಸ್ತು," ಎಂದ ಮಹಾರಾಜ. ತಮ್ಮನ್ನೇ ಕರೆದರೆಂದು ಪಂಡಿತರು ಮತ್ತೊಮ್ಮೆ ಬಾಗಿದರು.

ಪರಾಕು ಹೇಳಲು ದುಂಡಪ್ಪಯ್ಯನಿಗೆ ಸನ್ನೆಯಾಯಿತು. ಅಷ್ಟು ಹೊತ್ತಿಗೆ ಸರಿಯಾಗಿ ಪೇಟದೊಳಗಿಂದ 'ಚಿಂವ್' ಎಂಬ ಸದ್ದು. ಮಹಾಮಂತ್ರಿಗಳ ಕಿವಿ ನಿಮಿರಿತು. ದುಂಡಪ್ಪಯ್ಯ ಬೆವೆತ. ಉಸಿರೆಳೆದು, "ಬಹುಪರಾಕ್! ಸಕಲ ಕುಕ್ಕುಟಕುಲ ಪಾಲಕಿ, ಕೋಮಲಪಾದೆ, ನವನೀತಾದೇವಿಯವರಿಗೆ ಬಹುಪರಾಕ್!" ಎಂದು ಕಂಬಗಳು ನಡುಗುವಂತೆ ಅರಚಿದ. ಚಿಂವ್ ಎಂದಾಗಲೆಲ್ಲ ಅರಚಿದ. ನಿಲ್ಲಿಸು ಎಂದು ಭಟರು ಕೈ ಹಿಡಿಯುವವರೆಗೂ ಅರಚಿದ. ಅವನ ನಿಷ್ಠೆಗೆ ಮೆಚ್ಚಿ ಮಹಾರಾಜ ರೇಶಿಮೆಯ ಶಾಲು ಹೊದಿಸಿದ.

ಮನೆಗೆ ಬಂದು ಪೇಟ ಬಿಚ್ಚಿದಾಗ ಚೆಲುವಾಜಮ್ಮ ಮರಿಗಳನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದಳು.

"ಕೆಂಚಿ ಎಲ್ರೀ?"

ಅವನು ಗಡಿಯ ದಿಕ್ಕಿಗೆ ಕೈ ತೋರಿಸಿದ. ಅವಳು ಮರಿಗಳನ್ನು ಮಂಕರಿಯ ಕೆಳಗೆ ಮುಚ್ಚಿ, ಅದರ ಮೇಲೆ ತಾನೇ ಕೂತಳು. ಅಂದಿನಿಂದ ಗಂಡ ಹೆಂಡತಿ ಸರದಿಯಲ್ಲಿ ಕಾವಲಿಗೆ ಕೂತರು.

ಹೊಸ ಸಚಿವೆ ಪ್ರಮಾಣವಚನದ ಮರುದಿನವೇ 'ಮಿಯಾಂವ್' ಎಂದಳು. ಹೊಟ್ಟೆ ತುಂಬಿದ ಬೆಕ್ಕು ಮರಿಯನ್ನು ಮುಟ್ಟುವುದಿಲ್ಲವೆಂದು ಮಹಾಮಂತ್ರಿಗಳು ಅದನ್ನು ಭಾಷಾಂತರಿಸಿದರು. ಕುಕ್ಕುಟ ಸುರಕ್ಷಾ ಮತ್ಸ್ಯ ತೆರಿಗೆ ಜಾರಿಗೆ ಬಂತು. ಗಂಜಿ ಕುಡಿದ ಜನ ಬೆಳಬೆಳಗ್ಗೆ ಹಸಿ ಮೀನು ಹಿಡಿದು ಅರಮನೆಯೆದುರು ಸಾಲುಗಟ್ಟಿದರು.

ಸಾಲಿನಲ್ಲಿ ತನ್ನ ಸರದಿ ಬಂದಾಗ ಚೆಲುವಾಜಮ್ಮ ಬೆಟ್ಟದಂತೆ ಬೆಳೆದಿದ್ದ ಮೀನಿನ ರಾಶಿಯನ್ನು ಕಂಡು ಬೆರಗಾದಳು.

"ಇಷ್ಟೂ ತಿಂತಾರಾ ಸ್ವಾಮಿ, ಸಚಿವರು? ಹಂಗಾದ್ರೆ ನಮ್ಮ ಮರಿಗಳಿಗೆ ಇನ್ನು ಭಯ ಇಲ್ಲ ಅನ್ನಿ."

ತೆರಿಗೆಯ ಅಧಿಕಾರಿ ಮೀನನ್ನು ಎತ್ತಿ ರಾಶಿಗೆಸೆದ.

"ಇದು ಬರೀ ಉಪಾಹಾರಕ್ಕೆ ತಾಯಿ. ಊಟದ ಹೊತ್ತಿಗೆ ನಿಮ್ಮ ಬೀದಿಗೇ ಪರಿಶೀಲನೆಗೆ ಬರ್ತಾರೆ."