ತೆಗೆದವರೇ ಮುಚ್ಚಬೇಕು

ಅಬ್ಬಿಗೆರೆಯ ಮುನೀಂದ್ರ ಬೆಳಿಗ್ಗೆ ಅಂಗಳದ ಡ್ರಮ್ಮಿಗೆ ನಲ್ಲಿ ಬಿಟ್ಟು ಅಲ್ಲೇ ನಿಂತಿದ್ದ. ನಿಂತಿದ್ದ ಅನ್ನುವುದು ದೇಹದ ಮಟ್ಟಿಗೆ ನಿಜ. ಮನಸ್ಸು ಮಾತ್ರ ಹೆಬ್ಬಾಳದ ಆಫೀಸಿನಲ್ಲಿ, ಬೇರೆ ಪ್ರೋಗ್ರಾಮರುಗಳು ಬಳಸಲೆಂದು ತಾನು ಬರೆಯುತ್ತಿದ್ದ ಜಾವಾ ಕೋಡಿನ ಲೈಬ್ರರಿಯೊಳಗೆ ತೇಲುತ್ತಿತ್ತು.

ಡೇಟಾಬೇಸಿಗೆ ಪ್ರಶ್ನೆ ಹಾಕಿದರೆ ಉತ್ತರ ಸಾಲುಸಾಲಾಗಿ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕಂಪ್ಯೂಟರಿಗೆ ಅಜೀರ್ಣ. ಕೇಳಿದಾಗ ಒಂದೊಂದೇ ಇಳಿಯಬೇಕು, ಸಂಜೆ ಕೆರೆಗೆ ಇಳಿಯುವ ಕೊಕ್ಕರೆಗಳ ಹಾಗೆ. ಆದರೆ ಪ್ರಶ್ನೆಗೆಂದು ತೆಗೆದ ಡೇಟಾಬೇಸಿನ ಬಾಗಿಲನ್ನು ಕೊನೆಗೆ ಮುಚ್ಚುವವರು ಯಾರು? ಅದೊಂದು ಬಗೆಹರಿದಿರಲಿಲ್ಲ. ಮಧ್ಯಾಹ್ನ ಅವನೂ ಸಹೋದ್ಯೋಗಿ ನರೇಂದ್ರನೂ ತಮ್ಮ ತಮ್ಮ ವಿನ್ಯಾಸ ತೋರಿಸಬೇಕು. ಮ್ಯಾನೇಜರ್ ಸರಳಾ ಒಪ್ಪಿದವನೇ ಲೈಬ್ರರಿಗೆ ಯಜಮಾನ. ವರ್ಷಗಟ್ಟಲೆ ಬೇರೆಯವರ ತಪ್ಪು ತಿದ್ದಿಕೊಂಡೇ ಇದ್ದ ಮುನೀಂದ್ರನಿಗೆ ಆ ಯಜಮಾನಿಕೆ ತುಂಬಾ ಬೇಕಿತ್ತು.

ಅಷ್ಟರಲ್ಲಿ ಡ್ರಮ್ಮು ತುಂಬಿ, ಗೇಟಿನಡಿ ನುಸುಳಿದ ನೀರು ಪಕ್ಕದ ಮನೆ ಮುನಿಗಂಗಮ್ಮ ಚಾಪೆಯ ಮೇಲೆ ಒಣಹಾಕಿದ್ದ ಸಂಡಿಗೆಯನ್ನು ಮತ್ತೆ ಹಿಟ್ಟು ಮಾಡಿತ್ತು.

"ಇಂಗಾದ್ರೆ ಎಂಗಪ್ಪಾ? ತೆಗೆದೋರೇ ಮುಚ್ಬೇಕು ಕಣಪ್ಪ," ಅಂದಳು ಮುದುಕಿ.

ಬೈಗುಳ ತಿಂದವನ ಮುಖದಲ್ಲಿ ಬೆಳಕು ಮೂಡಿತು. "ಇಲ್ಲ ಅಜ್ಜಿ. ತೆಗೆದೋರಿಗೆ ಮರೆವು ಇದ್ದೇ ಇರುತ್ತೆ. ನಲ್ಲೀನೇ ತಾನಾಗಿ ಮುಚ್ಕೋಬೇಕು, ರೈಲಿನ ನಲ್ಲಿ ಥರ."

ಹೆಂಡತಿ ಮಧುಶ್ರೀ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬಂದು ನಲ್ಲಿ ತಿರುಗಿಸಿ ಮುಚ್ಚಿದಳು.

ಬಸ್ಸಿನಲ್ಲೇ ಅವನು ಕೋಡ್ ತಿದ್ದಿದ. ಇಳಿಯುವ ಸ್ಟಾಪು ದಾಟಿ ಹೋಗಿ, ಬಿಸಿಲಲ್ಲಿ ವಾಪಸು ನಡೆದ. ಆದರೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಪ್ರಶ್ನೆ ಹಾಕಿದವರ ಕೈಗೆ ಉತ್ತರ ಕೊಟ್ಟ ಕೂಡಲೇ ಲೈಬ್ರರಿ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ, ಯಾರೂ ಏನೂ ನೆನಪಿಡಬೇಕಿಲ್ಲ!

ನರೇಂದ್ರ ತನ್ನದನ್ನು ಚುಟುಕಾಗಿ ತೋರಿಸಿದ. ಅವನ ಲೈಬ್ರರಿಯಲ್ಲಿ ತೆಗೆದವರೇ ಮುಚ್ಚಬೇಕು. ಮುನೀಂದ್ರ ಮರುಕದಿಂದ ನಕ್ಕು ಎದ್ದುನಿಂತ. ಪ್ರಶ್ನೆ ಹೋಯಿತು, ಉತ್ತರ ಕೈಗೆ ಬಂತು, ಬಾಗಿಲು ಮುಚ್ಚಿತು.

"ಚೆನ್ನಾಗಿದೆ. ಈಗ ಮೊದಲನೇ ಸಾಲು ತೋರ್ಸಿ," ಅಂದಳು ಸರಳಾ.

ಕೈಗೆ ಬಂದದ್ದು ಬರೀ ಚೀಟಿ; ಸಾಲು ಬರುವುದು ಕೇಳಿದಾಗ ತಾನೇ? ಈಗ ಕೇಳಿದರೆ ಬಾಗಿಲು ಆಗಲೇ ಮುಚ್ಚಿದೆ. ಪರದೆಯ ತುಂಬ ಕೆಂಪು ಅಕ್ಷರ ತುಂಬಿತು. ಮೊದಲನೆಯದೂ ಇಲ್ಲ, ಕೊನೆಯದೂ ಇಲ್ಲ. ಊಟಕ್ಕೆ ಕರೆದು, ಎಲೆ ಹಾಕಿ, ಅಡುಗೆಮನೆಗೆ ಬೀಗ ಜಡಿದಂತಾಯಿತು. ಲೈಬ್ರರಿ ನರೇಂದ್ರನ ಪಾಲಾಯಿತು. ಅದರ ತಪ್ಪು ತಿದ್ದುವ ಕೆಲಸ ಮುನೀಂದ್ರನ ಪಾಲಿಗೆ ಬಂತು.

ಸಂಜೆ ಸೋತು ಮನೆಗೆ ಬಂದರೆ ಅಂಗಳ ಫಳಫಳ ಹೊಳೆಯುತ್ತಿತ್ತು. ಅದನ್ನೂ ಮುನಿಗಂಗಮ್ಮನ ಚಾಪೆಯನ್ನೂ ತೊಳೆದಿದ್ದರಿಂದ ಡ್ರಮ್ಮು ಬರಿದಾಗಿತ್ತು. ಡ್ರಮ್ಮಿನ ಮೇಲೆ ಹೊಸ ನಲ್ಲಿ ಮಿಂಚುತ್ತಿತ್ತು. ಒತ್ತಿ ಹಿಡಿದರೆ ನೀರು, ಬಿಟ್ಟರೆ ಬಂದ್.

"ನೀನೇಳಿದ್ದೇ ಸರಿ ಕಣಪ್ಪ. ನಮ್ ಪ್ಲಂಬರ್ ಬೈರಣ್ಣನ್ನ ಕರೆಸಿ ಆಕಿಸ್ದೆ," ಅಂದಳು ಮುನಿಗಂಗಮ್ಮ, ಕಾಂಪೌಂಡಿನಾಚೆಯಿಂದ, ಬಲು ಸಂತೋಷದಿಂದ.

ಮುನೀಂದ್ರ ಡ್ರಮ್ಮು ತುಂಬಿಸಲು ಹೆಬ್ಬೆರಳಿನಿಂದ ನಲ್ಲಿ ಒತ್ತಿ ನಿಂತ. ಆಕಾಶ ಕೆಂಪೇರಿತ್ತು. ಕೊಕ್ಕರೆಗಳು ಒಂದರ ಹಿಂದೊಂದು ಕೆರೆಯ ಕಡೆ ಸಾಗಿದ್ದವು. ಎಲ್ಲ ಸಾಲೂ ಇಳಿದ ಮೇಲೆ, ಕೊನೆಯದರ ಹಿಂದೆಯೇ ಬಾಗಿಲು ಮುಚ್ಚುವಂತಿದ್ದರೆ... ಎಷ್ಟು ಚಂದ... ಹೆಬ್ಬೆರಳು ಯಾವಾಗಲೋ ನಲ್ಲಿಯಿಂದ ಜಾರಿತ್ತು.

"ರೀ," ಅಂದಳು ಮಧುಶ್ರೀ ಅಡುಗೆಮನೆಯಿಂದ. "ನೀರು ನಿಂತೋಯ್ತು."