ನಲವತ್ತು ಮಂದಿಯ ಒಂದೇ ಬೆನ್ನು

ಖಾಲಿ ಫಾರ್ಮು ಕಂಡರೆ ನನಗೆ ಹೆದರಿಕೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಸರಕಾರಿ ನೌಕರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ ಯಾರನ್ನು ಕೇಳಿದರೂ ಇದನ್ನೇ ಹೇಳಿಯಾರು. ಮೇಲಿನಿಂದ ಒಂದು ನಮೂನೆ ಬಂತೆಂದರೆ ಅದರಲ್ಲಿ ಏನು ಕೇಳಿದ್ದಾರೆ ಎಂದು ನಾವು ಮೊದಲು ನೋಡುವುದಿಲ್ಲ. ಜೊತೆಗೆ ತುಂಬಿದ ಮಾದರಿ ಪ್ರತಿ ಒಂದಿದೆಯೋ ಇಲ್ಲವೋ ಎಂದು ನೋಡುತ್ತೇವೆ. ಇದ್ದರೆ ಹೊಟ್ಟೆ ತಣ್ಣಗೆ. ಒಮ್ಮೆ ಲಸಿಕೆಯ ವರದಿಗೆ ಜೋಡಿಸಿದ ಮಾದರಿಯಲ್ಲಿ ಯಾರೋ ಪುಣ್ಯಾತ್ಮರು ಊರಿನ ಹೆಸರಿನ ಜಾಗದಲ್ಲಿ ‘ರಾಮಪುರ’ ಎಂದು ಬರೆದಿದ್ದರು. ನಮ್ಮ ಆಸುಪಾಸಿನಲ್ಲಿ ಆ ಹೆಸರಿನ ಊರೇ ಇಲ್ಲ. ಆದರೂ ಆ ತಿಂಗಳು ರಾಮಪುರದ ಮಕ್ಕಳಿಗೆ ಮೂರು ಕಡೆಯಿಂದ ಲಸಿಕೆ ಬಿದ್ದ ವರದಿ ಹೋಯಿತು. ಯಾರೂ ಏನೂ ಕೇಳಲಿಲ್ಲ.

ನಾನು ಹೊನ್ನಾವರ ತಾಲೂಕಿನ ಒಂದು ಸರಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವವನು. ಊರವರ ಬಾಯಲ್ಲಿ ಕಂಪೌಂಡರು. ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ನನ್ನ ಹೆಂಡತಿಯ ತಂಗಿಯ ಮಗಳು ವಿದ್ಯಾ, ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿದ್ದವಳು, ಒಂದು ಕಟ್ಟು ಕಾಗದ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಬೆನ್ನುನೋವು, ಸೊಂಟನೋವು, ಮಂಡಿನೋವು ಇವುಗಳ ಬಗ್ಗೆ ಡಾಕ್ಟರು, ನರ್ಸು, ಕಂಪೌಂಡರುಗಳ ಮನಸ್ಸಿನಲ್ಲಿ ಏನಿದೆ ಎಂದು ಅಳೆಯಬೇಕಂತೆ. ನೋವನ್ನು ಅಳೆಯುವುದಾದರೆ ಸರಿ, ನೋವಿನ ಬಗ್ಗೆ ನಮ್ಮ ನಂಬಿಕೆ ಅಳೆಯುವುದೆಂದರೇನು ಎಂದು ಕೇಳಿದೆ. “ರೋಗಿ ಗುಣ ಆಗೂದು ಬಿಡೂದು ಅರ್ಧ ನಿಮ್ಮ ನಂಬಿಕೆ ಮೇಲೇ ಇದೆ ದೊಡ್ಡಪ್ಪ” ಎಂದಳು. ಔಷಧದ ಕಿಟಕಿಯ ಹಿಂದೆ ಕೂತ ನನಗೆ ಅಷ್ಟು ಮಹತ್ವವಿದೆಯೆಂದು ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಭಟ್ಕಳದಿಂದ ಕುಮಟೆಯವರೆಗೆ ನಲವತ್ತು ಫಾರ್ಮು ತುಂಬಿಸಿಕೊಡುವ ಜವಾಬ್ದಾರಿಯನ್ನು ಕೂಡಲೇ ಹೊತ್ತುಕೊಂಡೆ.

ಫಾರ್ಮಿನಲ್ಲಿ ಇಪ್ಪತ್ತು ವಾಕ್ಯಗಳು. ಒಂದೊಂದರ ಮುಂದೆಯೂ ಐದು ಚೌಕ. ‘ಪೂರ್ತಿ ಒಪ್ಪುತ್ತೇನೆ’ಯಿಂದ ಹಿಡಿದು ‘ಒಪ್ಪುವುದೇ ಇಲ್ಲ’ದವರೆಗೆ. ‘ಬೆನ್ನುನೋವು ಬಂದವರು ನೋವು ಪೂರ್ತಿ ಹೋಗುವ ತನಕ ಕೆಲಸ ಮಾಡಬಾರದು’ ಎಂಬುದು ಒಂದು ವಾಕ್ಯ. ಇದರಲ್ಲಿ ಕೇಳುವುದೇನಿದೆ? ಹಿಂದೊಮ್ಮೆ ಸಲೈನಿನ ಪೆಟ್ಟಿಗೆ ಎತ್ತಲು ಹೋಗಿ ನನ್ನ ಬೆನ್ನು ಹಿಡಿದುಕೊಂಡಾಗ ಡಾಕ್ಟರು ಮೂರು ವಾರ ಹಲಗೆಯ ಮೇಲೆ ಮಲಗಿಸಿದ್ದರು. ಗಂಜಿ ಮಲಗಿದಲ್ಲಿಗೇ ಬರುತ್ತಿತ್ತು. ಬಾವಿಯಿಂದ ನೀರು ಸೇದು ಎಂದು ಯಾರೂ ಹೇಳುತ್ತಿರಲಿಲ್ಲ. ಸಂಸಾರ ಕಟ್ಟಿಕೊಂಡ ಮೇಲೆ ಅಂಥ ನೆಮ್ಮದಿಯ ಮೂರು ವಾರ ನನಗೆ ಮತ್ತೆ ಸಿಕ್ಕಿಲ್ಲ. ಬೆನ್ನಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಅಂದಿನಿಂದ ಗಟ್ಟಿಯಾಗಿ ಕೂತಿದೆ. ಹಾಗಾಗಿ ‘ಪೂರ್ತಿ ಒಪ್ಪುತ್ತೇನೆ’ಗೆ ಗುರುತು ಹಾಕುತ್ತ ನನ್ನ ಫಾರ್ಮನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ. ಹನ್ನೊಂದನೆಯ ವಾಕ್ಯದಲ್ಲಿ ಮಾತ್ರ ಕೈತಪ್ಪಿ ಬೇರೆ ಚೌಕಕ್ಕೆ ಗುರುತು ಬಿತ್ತು. ಅದನ್ನು ಹೊಡೆದುಹಾಕಿ, ಕಚೇರಿಯ ಶಿಸ್ತಿನಂತೆ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ, ಸರಿಯಾದ ಚೌಕಕ್ಕೆ ಗುರುತು ಮಾಡಿದೆ.

ಮುಂದೆ ನಾನು ಮಾಡಿದ್ದು ಒಳ್ಳೆಯ ಮನಸ್ಸಿನಿಂದಲೇ. ಪಾಪ, ಖಾಲಿ ಫಾರ್ಮು ಕಂಡು ಜನ ಗಾಬರಿಯಾದಾರು ಎಂದು ನನ್ನದನ್ನು ಝೆರಾಕ್ಸ್ ಮಾಡಿಸಿ, ಮೇಲೆ ‘ಮಾದರಿ’ ಎಂದು ಬರೆದು, ಒಂದೊಂದು ಕಟ್ಟಿಗೂ ಒಂದೊಂದು ಜೋಡಿಸಿ ಕಳಿಸಿಕೊಟ್ಟೆ. ಒಂದೇ ವಾರದಲ್ಲಿ ನಲವತ್ತೂ ವಾಪಸು ಬಂದವು. ನನ್ನ ನೌಕರಿಯಲ್ಲಿ ಇಷ್ಟು ಚುರುಕಾಗಿ ನಡೆದ ಕೆಲಸ ಬೇರೊಂದಿಲ್ಲ. ವಿದ್ಯಾ ಕುಮಟೆಯ ತನ್ನ ಮನೆಗೆ ಕಟ್ಟು ಒಯ್ಯುವಾಗ, “ನೋಡು, ನಿನ್ನ ದೊಡ್ಡಪ್ಪನ ವಜನು” ಎಂದು ಬೀಗಿದೆ.

ಎರಡು ದಿನ ಬಿಟ್ಟು ಫೋನು ಬಂತು. ಆಚೆ ಕಡೆಯಿಂದ ಅಳು.

“ದೊಡ್ಡಪ್ಪ, ನಲವತ್ತು ಜನರದ್ದೂ ಒಂದೇ ಉತ್ತರ!”

“ಒಳ್ಳೇದೇ ಆತಲ್ಲೇ. ಎಲ್ರೂ ಒಗ್ಗಟ್ಟಿನಲ್ಲಿದ್ದಾರೆ.”

“ಹನ್ನೊಂದನೇದ್ರಲ್ಲಿ ಎಲ್ರೂ ಹೊಡೆದುಹಾಕಿ ಸಹಿ ಮಾಡಿದ್ದಾರೆ! ನಾಕು ಜನ ನಿಮ್ಮ ಸಹೀನೇ ಬರೆದಿದ್ದಾರೆ. ನಮ್ಮ ಸರ್ ನೋಡಿದ್ರೆ ಮನೆಯಲ್ಲಿ ಕೂತು ನಾನೇ ತುಂಬಿದೆ ಅಂತಾರೆ. ಹದಿನೈದು ದಿನದಲ್ಲಿ ಒಪ್ಪಿಸದಿದ್ರೆ ನನ್ನ ಒಂದು ವರ್ಷ ಹೋಯ್ತು.”

ಮಗುವಾಗಿದ್ದಾಗಿನಿಂದ ಆಡಿಸಿದ ಹುಡುಗಿ. ಅವಳನ್ನು ಸುಳ್ಳುಗಾರ್ತಿ ಎಂದು ಯಾರಾದರೂ ಅಂದರೆ ಅದು ನನ್ನ ಉಪಕಾರದ ಫಲ. ನಿಜಕ್ಕೂ ತುಂಬ ಕೆಟ್ಟದೆನಿಸಿತು. ಮರುದಿನವೇ ನಾಲ್ಕು ದಿನದ ರಜೆ ಬರೆದು ಅವಳ ಜೊತೆ ಹೊರಟೆ. ನನ್ನ ಕೆಲಸ ಚೀಲ ಹೊರುವುದು ಮತ್ತು ಬಾಯಿ ಮುಚ್ಚಿಕೊಂಡಿರುವುದು ಎಂದು ಅವಳು ಮೊದಲೇ ಕರಾರು ಮಾಡಿದ್ದಳು.

ಹೊನ್ನಾವರದ ಪಕ್ಕದ ಕಾಸರಕೋಡಿನ ಗಂಗಾ ನರ್ಸಬಾಯಿಗೆ ಖಾಲಿ ಫಾರ್ಮು ಕೊಟ್ಟದ್ದೇ ತಡ, ಆಕೆ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಮಾದರಿ ಎಲ್ಲಿ?” ಎಂದು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

“ಸರಿ ಉತ್ತರ ಅಂತಿಲ್ಲ ಬಾಯಿ, ನಿಮ್ಮ ಮನಸಲ್ಲಿರೂದು ಬರೀರಿ” ಎಂದಳು ವಿದ್ಯಾ.

“ಮನಸಲ್ಲಿರೂದಾ? ಅದನ್ನ ಬರೆಯೂಕೆ ಬತ್ತದಾ?” ಎಂದು ನರ್ಸಬಾಯಿ ದನಿ ತಗ್ಗಿಸಿದರು. “ಇಲ್ಲಿ ಮೀನು ಮಾರೂಕೆ ಹೋಗೂ ಹೆಂಗಸ್ರಿಗೆ ಸೊಂಟನೋವು ಇದ್ದದ್ದೇ. ಮೊದ್ಲು ನಾನೂ ‘ಮಲ್ಕೊಳ್ಳಿ’ ಅಂತಿದ್ದೆ. ಒಬ್ಳು ಕೇಳೇಬಿಟ್ಳು, ‘ನಾನು ಮಲ್ಕೊಂತೆ, ಬುಟ್ಟಿ ನೀವು ಹೊರ್ತ್ರಾ ಬಾಯಿ?’ ಅಂತ. ಈಗ ಹಾಗೆ ಹೇಳೂದು ಬಿಟ್ಟೆ. ಬುಟ್ಟಿ ಸಣ್ಣ ಮಾಡಿ, ನಡುನಡುವೆ ಇಳಿಸಿ ಕೂತ್ಕೊಳ್ಳಿ ಅಂತ ಹೇಳ್ತೆ. ಅವ್ರು ಆರಾಮೇ ಇದ್ದಾರೆ. ಆದ್ರೆ ಫಾರ್ಮಿನಲ್ಲಿ ವಿಶ್ರಾಂತಿ ಅಂತ್ಲೇ ಬರೀಬೇಕಲ್ಲ?”

ವಿದ್ಯಾಳ ಮುಖ ಅರಳಿತು. “ಬ್ಯಾಡ ಬಾಯಿ, ಈಗ ಹೇಳಿದ್ದನ್ನೇ ಬರೀರಿ” ಎಂದು ಪೆನ್ನು ಕೈಗೆ ಕೊಟ್ಟಳು.

ಭಟ್ಕಳದ ಹಿರಿಯ ಡಾಕ್ಟರ್ ಸಾಹೇಬರು ಹೋದ ಸಲ ತಮ್ಮ ಕೈಯಾಳಿನಿಂದ ತುಂಬಿಸಿದ್ದರಂತೆ. ಈ ಸಲ ಕನ್ನಡಕ ಏರಿಸಿಕೊಂಡು, ಪಕ್ಕದಲ್ಲಿದ್ದ ಮಗನಿಗೆ ತಮ್ಮ ಮನೆಮಾತು ನವಾಯತಿಯಲ್ಲಿ ಚಹಾಕ್ಕೆ ಹೇಳಿ, ತಾವೇ ಓದಿದರು. ‘ನೋವು ಹೋಗುವ ತನಕ ಕೆಲಸ ಮಾಡಬಾರದು’ ಎಂಬಲ್ಲಿ ನಿಂತರು. “ಇದು ಯಾವ ಪೇಶಂಟ್ ಬಗ್ಗೆಯಮ್ಮಾ? ರಜೆ ಸರ್ಟಿಫಿಕೇಟ್ ಕೇಳುವವನೋ, ಕೇಳದವನೋ?” ಎಂದರು. ವಿದ್ಯಾ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡಳು. ಅವಳಿಗೆ ಆ ಪ್ರಶ್ನೆ ಉತ್ತರಕ್ಕಿಂತ ಹೆಚ್ಚು ಇಷ್ಟವಾಯಿತಂತೆ.

ಹೀಗೆ ನಾಲ್ಕು ದಿನ. ಬಸ್ಸು ಹತ್ತಿದೆವು, ಇಳಿದೆವು, ಕತಗಾಲದಲ್ಲಿ ಬಸ್ಸು ತಪ್ಪಿಸಿಕೊಂಡು ನಡೆದೆವು. ನಲವತ್ತು ಫಾರ್ಮು ನಲವತ್ತು ಬಗೆಯಾಗಿ ತುಂಬಿದವು. ಒಬ್ಬರು ಒಪ್ಪಿದ್ದನ್ನು ಪಕ್ಕದ ಕುರ್ಚಿಯವರು ಒಪ್ಪಲಿಲ್ಲ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೂತವರು ಬೆನ್ನಿನ ವಿಷಯಕ್ಕೆ ಜಗಳಕ್ಕೇ ನಿಂತರು. ಕೊನೆಯ ದಿನ ಕುಮಟೆಯ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವಾಗ ನನಗೆ ಹೊಳೆಯಿತು: ನಾಲ್ಕು ದಿನದಿಂದ ಆ ಚೀಲ ಹೊತ್ತಿದ್ದೇನೆ, ಬೆನ್ನು ಒಂದು ಮಾತೂ ಆಡಿಲ್ಲ. ಮೊದಲಿಗಿಂತ ಗಟ್ಟಿಯಾಗಿದೆಯೆಂದೇ ಹೇಳಬೇಕು. ಅಷ್ಟರಲ್ಲಿ ವಿದ್ಯಾ ನನ್ನ ಕೈಗೂ ಒಂದು ಹೊಸ ಫಾರ್ಮು ಕೊಟ್ಟಳು. “ಹೆಸರು ಬರೀಬೇಡಿ, ಮನಸಲ್ಲಿರೂದು ಬರೀರಿ” ಎಂದು ಆಚೆ ತಿರುಗಿ ಕೂತಳು. ಅದನ್ನು ತುಂಬಿ, ಬೇರೆಯವರ ಫಾರ್ಮುಗಳ ನಡುವೆ ನಾನೇ ಸೇರಿಸಿಟ್ಟೆ.

ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯಿತು. ಅವಳ ಸರ್ ಬೆನ್ನು ತಟ್ಟಿದರಂತೆ. ನಮ್ಮ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಮುಂದಿನ ತಿಂಗಳು ಮಿಠಾಯಿ ಹಿಡಿದು ಮನೆಗೆ ಬಂದವಳು ಹೇಳಿದಳು, “ನಮ್ಮ ಕಡೆಯವ್ರ ಅನುಭವ ದೊಡ್ಡದು ದೊಡ್ಡಪ್ಪ. ಉಳಿದದ್ದಕ್ಕೆ ಎಷ್ಟೇ ಜಗಳ ಆಡಿದ್ರೂ ಇದೊಂದರಲ್ಲಿ ಸುಮಾರು ಎಲ್ಲರೂ ನೋವಿದ್ರೂ ಕೈಕಾಲು ಆಡಿಸ್ತಾ ಇರಬೇಕು ಅಂತ್ಲೇ ಬರೆದಿದ್ದಾರೆ. ಒಂದೇ ಒಂದು ಫಾರ್ಮು ಮಾತ್ರ! ಎಂತ ಕೇಳಿದ್ರೂ ಮಲಗೂದೇ ಮದ್ದು. ಅಂಥವ್ರ ಕೈಗೆ ಸಿಕ್ಕ ರೋಗಿ ಏಳೂಕಿಲ್ಲ. ಯಾರಿರಬಹುದು?”

“ಭಟ್ಕಳದ ಕಡೆಯವ್ರು ಇರಬೇಕು” ಎಂದೆ.

“ನಿಮಗೆ ಎಲ್ಲರೂ ಗೊತ್ತಲ್ಲ. ಸಿಕ್ಕಿದ್ರೆ ನಿಧಾನಕ್ಕೆ ತಿಳಿಸಿ ಹೇಳಿ. ಬೈಬೇಡಿ, ಪಾಪ ಹಳೇ ಕಾಲದವ್ರು.”

ಆತು ಎಂದು ಮಾತು ಕೊಟ್ಟೆ. ಕೊಟ್ಟ ಮಾತಿಗೆ ತಪ್ಪುವವನಲ್ಲ ನಾನು. ಅಂದಿನಿಂದ ದಿನವೂ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯೊಳಗಿನ ಆ ಮನುಷ್ಯನಿಗೆ ನಿಧಾನಕ್ಕೆ, ಬೈಯದೆ, ತಿಳಿಸಿ ಹೇಳುತ್ತಿದ್ದೇನೆ. ಎಲ್ಲದಕ್ಕೂ ತಲೆಯಾಡಿಸುತ್ತಾನೆ. ಆಮೇಲೆ ಹೋಗಿ ಮಲಗಿಬಿಡುತ್ತಾನೆ.