ದೋಣಿಯ ಕೆಳಗೆ ನಾನು ತಂದಿಟ್ಟ ಸಮುದ್ರ

ಕೆಲವರ ಬುದ್ಧಿ ಗಲ್ಲಿ ಗಲ್ಲಿ ಸುತ್ತಿ ಬರುತ್ತದೆ, ಕೆಲವರದ್ದು ಹೆದ್ದಾರಿ ಬಿಟ್ಟು ಕೆಳಗಿಳಿಯುವುದಿಲ್ಲ. ನನ್ನದು ಎರಡನೆಯ ಜಾತಿ. ಬೆಳಿಗ್ಗೆ ಹಾರವಾಡದಿಂದ ಖಾಲಿ ಟೆಂಪೋ ತೆಗೆದುಕೊಂಡು ಕಾರವಾರಕ್ಕೆ ಹೋಗುತ್ತೇನೆ. ಅಲ್ಲಿನ ಐಸ್ ಫ್ಯಾಕ್ಟರಿಯಲ್ಲಿ ಗಡ್ಡೆ ತುಂಬಿಸುತ್ತೇನೆ. ಅದು ಕರಗುವ ಮೊದಲು ತಂದು ಹಾರವಾಡದ ದೋಣಿಗಳಿಗೆ ಕೊಡುತ್ತೇನೆ, ಉಳಿದದ್ದನ್ನು ಅಂಕೋಲೆಯ ಮೀನುಪೇಟೆಗೆ ಮುಟ್ಟಿಸುತ್ತೇನೆ. ಇಷ್ಟು ವರ್ಷ ಇದೇ ರಸ್ತೆ, ಇದೇ ಯೋಚನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಮನೆಯ ಪರಿಸ್ಥಿತಿ ಕಾರಣ ಎಂದು ಊರಲ್ಲಿ ಹೇಳಿಕೊಂಡಿದ್ದೇನೆ. ನಿಜವಾದ ಕಾರಣ ಗಣಿತ. ಅಂಥವನು ಬರೆಯಲು ಕುಳಿತಿದ್ದೇನೆ ಎಂದರೆ ಏನೋ ಒಂದು ತಪ್ಪು ಹೇಳಿಕೊಳ್ಳಲಿಕ್ಕಿದೆ ಎಂದೇ ಅರ್ಥ. ಆದರೆ ನೇರವಾಗಿ ಹೇಳಿದರೆ ಅದು ತಪ್ಪಿನ ಹಾಗೆ ಕಾಣುವುದೇ ಇಲ್ಲ. ನನಗೂ ಬಹಳ ಕಾಲ ಕಂಡಿರಲಿಲ್ಲ. ಆದ್ದರಿಂದ ಸ್ವಲ್ಪ ಅಡ್ಡದಾರಿಯಿಂದ ಬರುತ್ತೇನೆ.

ಐಸ್ ಫ್ಯಾಕ್ಟರಿಯಲ್ಲಿ ಸರದಿಗೆ ಕಾಯುವುದು ಒಂದು ದೊಡ್ಡ ಬೇಸರದ ಕೆಲಸ. ಚೆಂಡಿಯಾದವರು, ಮಾಜಾಳಿಯವರು, ನಾವು ಹಾರವಾಡದವರು, ಎಲ್ಲರ ಟೆಂಪೋಗಳೂ ಸಾಲಾಗಿ ನಿಂತಿರುತ್ತವೆ. ಅಲ್ಲಿ ತೂಕಕ್ಕೆ ನಿಲ್ಲುವ ದಾಮೋದರ ಎಂಬವನು ಎಲ್ಲಿಂದಲೋ ಒಂದು ಆಟ ಕಲಿತು ಬಂದ. ಅವನು ಒಂದು ವಿಚಿತ್ರ ಸಂಗತಿ ಹೇಳುತ್ತಾನೆ. ಅದು ಹೇಗಾಯಿತು ಎಂದು ನಾವು ಕಂಡುಹಿಡಿಯಬೇಕು. ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು, ಆದರೆ ಅವನು ಕೊಡುವುದು ಮೂರೇ ಉತ್ತರ: ‘ಹೌದು’, ‘ಅಲ್ಲ’, ‘ಅದಕ್ಕೂ ಇದಕ್ಕೂ ಸಂಬಂಧ ಇಲ್ಲ’. ಮೊದಲ ದಿನ ಹೇಳಿದ್ದು ಹೀಗೆ: “ಒಬ್ಬ ದೋಣಿಯಿಂದ ಕಾಲು ಜಾರಿ ನೀರಿಗೆ ಬಿದ್ದ. ಅವನಿಗೆ ಈಸು ಬರೂದಿಲ್ಲ. ಯಾರೂ ಎತ್ತಲಿಲ್ಲ. ಆದ್ರೂ ಅಂವ ಎದ್ದು ಮನೆಗೆ ಹೋಗಿ ಊಟ ಮಾಡ್ದ. ಹೆಂಗೆ?”

ಸಮುದ್ರದ ವಿಷಯ ನಮಗೆ ಹೇಳಿಕೊಡಬೇಕೇ? ಎಲ್ಲರೂ ಮುಗಿಬಿದ್ದೆವು. ಹಗ್ಗ ಹಿಡಿದನೇ? ಅಲ್ಲ. ಬಲೆಗೆ ಸಿಕ್ಕಿಕೊಂಡನೇ? ಅಲ್ಲ. ಅಲೆ ದಡಕ್ಕೆ ತಂದು ಹಾಕಿತೇ? ಅಲ್ಲ. “ಡಾಲ್ಫಿನ್ ಎತ್ತಿ ತಂತೇನಾ?” ಎಂದು ನಾನೇ ಕೇಳಿದೆ, ಅದರ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕೊನೆಗೆ ದಾಮೋದರನೇ ಬಾಯಿಬಿಟ್ಟ. ಮಳೆಗಾಲಕ್ಕೆಂದು ದೋಣಿಯನ್ನು ದಡದ ಮೇಲೆ ಎಳೆದು ಕಟ್ಟಿದ್ದರು. ಅವನು ಬಿದ್ದದ್ದು ಪಕ್ಕದಲ್ಲಿ ನಿಂತಿದ್ದ ಮಳೆನೀರಿನ ಹೊಂಡಕ್ಕೆ. ಮೊಣಕಾಲಿನಷ್ಟೂ ಆಳವಿರಲಿಲ್ಲ.

“ಮೋಸ!” ಎಂದು ಒಬ್ಬ ಕೂಗಿದ. “ಸಮುದ್ರ ಅಂದಿದ್ಯಲ್ಲಾ ನೀನು!”

“ನಾ ಎಲ್ಲಂದೆ ರೇ?” ಎಂದ ದಾಮೋದರ. “ದೋಣಿ ಅಂದೆ, ನೀರು ಅಂದೆ. ಸಮುದ್ರ ತಂದಾಂವ ನೀನು.”

ನಾನು ಐಸಿಗೆ ಒರಗಿ ನಿಂತವನು ಹಾಗೇ ನಿಂತೆ. ಬೆನ್ನು ಮರಗಟ್ಟಿದ್ದೂ ತಿಳಿಯಲಿಲ್ಲ. ಎಂಥ ಸೋಜಿಗ! ಅಷ್ಟು ದೊಡ್ಡ ಅರಬ್ಬೀ ಸಮುದ್ರವನ್ನು ಯಾರೂ ಕೇಳದೆ, ಯಾರೂ ಹೇಳದೆ, ನಾವೇ ಹೊತ್ತು ತಂದು ಆ ದೋಣಿಯ ಕೆಳಗೆ ಸುರಿದಿದ್ದೆವು. ಆಮೇಲೆ ಅದರಲ್ಲಿ ಆ ಬಡಪಾಯಿಯನ್ನು ಮುಳುಗಿಸಲು ನೋಡುತ್ತಿದ್ದೆವು. ಆ ದಿನ ಅಂಕೋಲೆಯವರೆಗೆ ಟೆಂಪೋ ಓಡಿಸುತ್ತ, ನನ್ನ ತಲೆಯಲ್ಲಿ ಇನ್ನೆಷ್ಟು ಕಡೆ ಇಂಥ ನೀರು ತುಂಬಿಕೊಂಡಿದೆಯೋ ಎಂದು ಯೋಚಿಸಿ ಸಣ್ಣಗೆ ಹೆದರಿಕೆಯಾಯಿತು. ದೇವಸ್ಥಾನದಿಂದ ಹೊರಬಂದಾಗ ಮಾತು ಬೇಡವೆನಿಸುತ್ತದಲ್ಲ, ಹಾಗಿತ್ತು.

ಬೆರಗು ಬೇರೆ, ಬುದ್ಧಿ ಬೇರೆ. ಬೆರಗಾಗುವುದನ್ನು ಬೇಗ ಕಲಿತೆ, ಬಿಡಿಸುವುದು ಮಾತ್ರ ಬರಲಿಲ್ಲ. ಇದಕ್ಕೆ ಸಾಕ್ಷಿ ಕಲ್ಲಿನ ಒಗಟು. ಮರಳು ನೆಲದಲ್ಲಿ ಒಂದು ಗುಂಡಿ. ಅದರ ಅಳತೆಗೇ ಸರಿಯಾಗಿ ಕಡೆದ ದೊಡ್ಡ ಕಲ್ಲು. ಹಗ್ಗ ಹಾಕಲು ಸಂದಿಯಿಲ್ಲ, ಕೈ ತೂರಿಸಲು ಜಾಗವಿಲ್ಲ, ಯಂತ್ರವಿಲ್ಲ. ಆದರೂ ಕಲ್ಲು ಯಾರೂ ಮುಟ್ಟದೆ, ಸದ್ದಿಲ್ಲದೆ, ಮೆತ್ತಗೆ ಗುಂಡಿಗೆ ಇಳಿದು ಕುಳಿತಿತು. ಹೇಗೆ? ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಮಾಜಾಳಿಯಲ್ಲಿರುವ ನನ್ನ ತಂಗಿ ಸುಶೀಲೆಗೆ ಫೋನ್ ಮಾಡಿದೆ. ಅವಳು ಅನ್ನ ಬಸಿಯುತ್ತಿದ್ದಳಂತೆ.

“ಅಣ್ಣಾ, ನೀ ಈಗ ಎಲ್ಲಿದ್ದೆ?”

“ಟೆಂಪೋದಲ್ಲಿ.”

“ಹಿಂದೆ ಎಂತ ತುಂಬಿದ್ದೆ?”

“ಐಸು. ಮತ್ತೆಂತ ತುಂಬ್ತೆ ನಾನು?”

ಅವಳು ನಗತೊಡಗಿದಳು. ನನಗೆ ಆಗಲೂ ಗೊತ್ತಾಗಲಿಲ್ಲ. ಗುಂಡಿಯಲ್ಲಿ ಐಸ್ ತುಂಬಿ, ಮೇಲೆ ಕಲ್ಲನ್ನು ಜಾರಿಸಿ ಬಿಟ್ಟರಾಯಿತು, ಐಸ್ ಕರಗಿದಂತೆ ಕಲ್ಲು ಇಳಿಯುತ್ತದೆ, ನೀರನ್ನು ಮರಳು ಕುಡಿಯುತ್ತದೆ ಎಂದು ಅವಳೇ ಬಿಡಿಸಿ ಹೇಳಬೇಕಾಯಿತು. ಜನ್ಮವೆಲ್ಲ ಐಸ್ ಹೊತ್ತವನು ನಾನು! ಆದರೆ ನನಗೆ ಕರಗುವುದೆಂದರೆ ನಷ್ಟ. ಭತ್ತದ ಹೊಟ್ಟು ಹಾಕಿ, ತಾಡಪತ್ರಿ ಬಿಗಿದು, ಗಾಡಿ ಓಡಿಸಿ ತಡೆಯಬೇಕಾದ ಶತ್ರು. ಆ ಶತ್ರುವೇ ಇನ್ನೊಂದು ಕಡೆ ಇಷ್ಟು ಮೃದುವಾಗಿ ಕೆಲಸ ಮಾಡಿ ಹೋಗಬಲ್ಲದು ಎಂದು ನನಗೆ ಹೊಳೆಯಲು ಸಾಧ್ಯವೇ ಇರಲಿಲ್ಲ. “ಹೆಂಗೆ ಗೊತ್ತಾಗ್ತದೆ ನಿಂಗೆ?” ಎಂದು ಕೇಳಿದೆ. “ಅವರು ಹೇಳಿದ್ದನ್ನ ಬಿಟ್ಬಿಡು ಅಣ್ಣಾ. ಎಂತ ಹೇಳದೇ ಬಿಟ್ರು ಅಂತ ನೋಡು” ಎಂದಳು.

ಅಂದಿನಿಂದ ಅದೇ ರೂಢಿಯಾಯಿತು. ಬೆಳಿಗ್ಗೆ ದಾಮೋದರನಿಂದ ಒಗಟು ತರುವುದು, ಸಂಜೆ ಸುಶೀಗೆ ಫೋನ್ ಮಾಡಿ ಉತ್ತರ ಪಡೆಯುವುದು, ಮರುದಿನ ಸರದಿಯಲ್ಲಿ ನಿಂತು, ಗಲ್ಲ ಕೆರೆದುಕೊಂಡು, ಆಗಷ್ಟೇ ಹೊಳೆದವನಂತೆ ಹೇಳುವುದು. ಅಲ್ಲಿ ನನ್ನನ್ನು ‘ಮಾಸ್ತರು’ ಎಂದು ಕರೆಯತೊಡಗಿದರು. ನನ್ನ ಗಾಡಿಗೆ ಮುಂದೆ ದಾರಿ ಬಿಡುವವರೂ ಹುಟ್ಟಿಕೊಂಡರು. ಇದು ನನ್ನ ತಪ್ಪು ಎಂದು ನೀವು ಅಂದುಕೊಂಡಿರಬಹುದು. ಇದೂ ತಪ್ಪೇ. ಆದರೆ ನಾನು ಹೇಳಬೇಕೆಂದದ್ದು ಇದಲ್ಲ.

ನಮ್ಮ ಅಮ್ಮ ಇದ್ದಾಗ ವರ್ಷಕ್ಕೆರಡು ಸಲ ಬಸ್ಸು ಹತ್ತಿ ತಾನೇ ಮಾಜಾಳಿಗೆ ಹೋಗಿ ಸುಶೀಯನ್ನು ಕರೆದುಕೊಂಡು ಬರುತ್ತಿದ್ದಳು, ಮಾವು ಹಣ್ಣಾದಾಗ ಒಮ್ಮೆ, ಚೌತಿಗೆ ಇನ್ನೊಮ್ಮೆ. ಕೊಟ್ಟ ಹೆಣ್ಣು ಕರೆಯದೆ ತವರಿಗೆ ಬರಬಾರದು ಎಂಬುದು ನಮ್ಮಲ್ಲಿ ಯಾರೂ ಗೋಡೆಯ ಮೇಲೆ ಬರೆಯದ ನಿಯಮ. ಅಮ್ಮ ತೀರಿಕೊಂಡ ಮೇಲೆ ಸುಶೀ ಬರಲಿಲ್ಲ. ಹೆಂಡತಿ ನಾಗವೇಣಿ ಆಗಾಗ ಹೇಳುತ್ತಿದ್ದಳು, “ನೀವೊಂದ್ಸಲ ಹೋಗಿ ಕರ್ಕಂಡು ಬನ್ನಿ.” ನಾನು ಹೇಳುತ್ತಿದ್ದೆ, “ಅವಳ ಮನೆ ಇದು. ಸ್ವಂತ ಮನೆಗೆ ಬರೂಕೆ ಕರೆಯೋಲೆ ಬೇಕಾ?” ನಾನು ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೆ ಎಂದು ಪ್ರಮಾಣ ಮಾಡಬಲ್ಲೆ. ಅವಳು ಯಾಕೆ ಬರಲಿಲ್ಲ ಎಂಬುದಕ್ಕೆ ನಾನೇ ಕಾರಣಗಳನ್ನೂ ಜೋಡಿಸಿಟ್ಟಿದ್ದೆ. ಗಂಡ ಗೋವಾಕ್ಕೆ ಕೆಲಸಕ್ಕೆ ಹೋಗುತ್ತಾನೆ, ಬೆಳಿಗ್ಗೆ ಬುತ್ತಿ ಕಟ್ಟಬೇಕು. ಅತ್ತೆಗೆ ಮೊಣಕಾಲು ನೋವು. ಎಮ್ಮೆ ಕರು ಹಾಕಿದೆ. ಎಮ್ಮೆಯನ್ನು ಅವರು ಎಂದೋ ಮಾರಿದ್ದರು ಎಂದು ಆಮೇಲೆ ತಿಳಿಯಿತು.

ಈ ಮೇ ತಿಂಗಳಲ್ಲಿ ದಾಮೋದರನ ಒಗಟುಗಳು ಮುಗಿದುಹೋದವು. “ಇನ್ನು ಮಾಸ್ತರು ಒಂದು ಹೇಳ್ಲಿ” ಎಂದ. ಸಂಜೆ ಸುಶೀಯನ್ನು ಕೇಳಿದೆ. “ನನ್ನ ಹತ್ರ ಒಂದುಂಟು. ಉತ್ತರ ಮಾತ್ರ ಹೇಳೂದಿಲ್ಲ, ನಿನ್ನ ಹೊಟ್ಟೇಲಿ ನಿಲ್ಲೂದಿಲ್ಲ. ಬೆಳಿಗ್ಗೆ ಅಲ್ಲಿಂದ್ಲೇ ಫೋನ್ ಹಚ್ಚು, ಹೌದು ಅಲ್ಲ ನಾನೇ ಹೇಳ್ತೆ” ಎಂದಳು. ಮರುದಿನ “ಒಗಟು ಇವ್ರು ಹೇಳ್ತಾರೆ” ಎಂದಷ್ಟೇ ಹೇಳಿ, ಸ್ಪೀಕರ್ ಹಾಕಿ ಫೋನನ್ನು ತೂಕದ ಮೇಜಿನ ಮೇಲೆ ಇಟ್ಟೆ. ಎಲ್ಲರೂ ಸುತ್ತ ನೆರೆದರು. ಐಸ್ ಪುಡಿ ಮಾಡುವ ಯಂತ್ರವನ್ನೂ ದಾಮೋದರ ನಿಲ್ಲಿಸಿದ.

“ಒಬ್ಬಳು ಹೆಂಗಸು” ಎಂದಳು ಸುಶೀ. “ಅವಳೇ ನೆಟ್ಟ ಇಷಾಡ ಮಾವಿನ ಮರ ಉಂಟು. ವರ್ಷಾ ವರ್ಷಾ ಹಣ್ಣು ಬಿಡ್ತದೆ. ಆ ಹಣ್ಣಂದ್ರೆ ಅವಳಿಗೆ ಪ್ರಾಣ. ತಿನ್ಬೇಡ ಅಂದವರು ಯಾರೂ ಇಲ್ಲ. ಆದ್ರೂ ಅವಳು ಕಾರವಾರ ಪೇಟೆಗೆ ಹೋಗಿ ದುಡ್ಡು ಕೊಟ್ಟು ಇಷಾಡ ತರ್ತಾಳೆ. ಎಂತಕ್ಕೆ?”

“ಮಂಗನ ಕಾಟವಾ ತಾಯೀ?” “ಅಲ್ಲ.” “ಮರ ಹತ್ತೂಕೆ ಜನ ಇಲ್ವಾ?” “ಸಂಬಂಧ ಇಲ್ಲ.” “ಹಣ್ಣು ಕೊಳೀತದಾ?” “ಅಲ್ಲ.” ಆಗ ದಾಮೋದರ ಕೇಳಿದ, “ಮರ ಇರೂದು ಅವಳ ಮನೇಲೇ ಹೌದಾ?”

ಲೈನ್ ಕಟ್ಟಾಯಿತೋ ಎಂದು ನಾನು ಬಗ್ಗಿ ನೋಡಿದೆ. ಆಮೇಲೆ ಅವಳು “ಹೌದು” ಎಂದಳು. ಸ್ವಲ್ಪ ತಡೆದು “ಅಲ್ಲ” ಎಂದಳು.

“ಎರಡೂ ಹೇಳೂಕಾಗೂದಿಲ್ಲ ತಾಯೀ, ಆಟದ ನಿಯಮ!” ಎಂದ ದಾಮೋದರ.

“ಎರಡೂ ಸೈ” ಎಂದಳು ಸುಶೀ.

ಚೆಂಡಿಯಾದ ಒಬ್ಬ ಮುದುಕ, ಅದುವರೆಗೆ ಬಾಯಿ ತೆರೆಯದವನು, ಮೆಲ್ಲನೆ “ತವರುಮನೆ” ಎಂದ. “ಹೌದು” ಎಂದಳು. ಆಮೇಲೆ ಪ್ರಶ್ನೆಗಳು ಓಡಿದವು. ಅಲ್ಲಿ ಜಗಳವೇ? ಅಲ್ಲ. ಬಹಳ ದೂರವೇ? ಸಂಬಂಧ ಇಲ್ಲ. ಅಣ್ಣ ತಮ್ಮ ಇದ್ದಾರೆಯೇ? ಹೌದು, ಒಬ್ಬ ಅಣ್ಣ. ಅವನಿಗೆ ಸಿಟ್ಟೇ? ಅಲ್ಲ. ಅವಳಿಗೆ ಸಿಟ್ಟೇ? ಇಲ್ಲಿ ಮತ್ತೆ ತಡೆದು, “ಅಲ್ಲ.”

ನನಗೆ ತಟ್ಟನೆ ಹೊಳೆಯಿತು. ಜೀವಮಾನದಲ್ಲಿ ಮೊದಲ ಸಲ, ಯಾರ ಸಹಾಯವೂ ಇಲ್ಲದೆ, ಒಂದು ಒಗಟು ನನಗೆ ಬಾಗಿಲು ತೆರೆಯಿತು. ಹೇಳದೆ ಬಿಟ್ಟದ್ದನ್ನು ಹಿಡಿದಿದ್ದೆ! ಮೇಜು ಗುದ್ದಿ ಕೂಗಿದೆ, “ಆ ಅಣ್ಣ ಅವಳನ್ನ ಬಾ ಅಂತ ಕರೀಲೇ ಇಲ್ಲ! ಹೌದಾ ಅಲ್ಲವಾ?”

“ಹೌದು” ಎಂದಳು ಸುಶೀ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ಬಾಗಿಸಿ ಸ್ವೀಕರಿಸಿದೆ. ಆಮೇಲೆ ಎಲ್ಲರೂ ಸೇರಿ ಆ ಅಣ್ಣನ ಮೇಲೆ ಬಿದ್ದೆವು. “ಎಂಥಾ ಕಲ್ಲು ಮನಸ್ಸಿನಾಂವ!” ಎಂದ ಒಬ್ಬ. “ಅಂಥವನನ್ನ ಅಂಗಿ ಬಿಚ್ಚಿಸಿ ಐಸ್ ಮೇಲೆ ಕೂರಿಸ್ಬೇಕು” ಎಂದ ದಾಮೋದರ. “ಒಂದು ತಾಸು ಕೂರಿಸ್ಬೇಕು!” ಎಂದು ತಾಸನ್ನು ಸೇರಿಸಿದವನು ನಾನು.

“ಅಷ್ಟೆಲ್ಲ ಬೈಬೇಡ್ರಿ” ಎಂದಿತು ಮೇಜಿನ ಮೇಲಿನ ಫೋನು. “ಪಾಪದಾಂವ. ದಿನಾ ಸಂಜೆ ಒಗಟು ಕೇಳೂಕೆ ಫೋನ್ ಮಾಡ್ತಾನೆ.”

ಒಬ್ಬೊಬ್ಬರೇ ನನ್ನ ಕಡೆ ತಿರುಗಿದರು. ನಮ್ಮ ಅಂಗಳದ ಇಷಾಡದ ಮರ ಆಗ ನನ್ನ ಕಣ್ಣೆದುರು ಬಂದು ನಿಂತಿತು. ಎರಡು ಜಡೆಯ ಹುಡುಗಿಯೊಬ್ಬಳು ಎಲ್ಲಿಂದಲೋ ಗಿಡ ತಂದು ನೆಟ್ಟು, ಬಾವಿಯಿಂದ ನೀರು ಹೊತ್ತು ಹಾಕುತ್ತಿದ್ದದ್ದು ನೆನಪಾಯಿತು. ಇಷ್ಟು ವರ್ಷ ಆ ಮರ ತಾನಾಗಿ ಹುಟ್ಟಿದ್ದು, ನನ್ನದೇ, ಎಂಬ ಹಾಗೆ ನಾನು ಅದರ ಕೆಳಗೆ ಟೆಂಪೋ ನಿಲ್ಲಿಸುತ್ತಿದ್ದೆ. ದಾಮೋದರ “ಹಂಗಾದ್ರೆ ಮಾಸ್ತರು ಇವ್ರು” ಎಂದು ಫೋನಿಗೆ ಒಮ್ಮೆ ಕೈಮುಗಿದ, ಅಷ್ಟೇ.

ಐಸ್ ತುಂಬಿಸಿಕೊಂಡು ಹೆದ್ದಾರಿಗೆ ಬಂದೆ. ಹಾರವಾಡದ ಕಡೆಗೆ ತಿರುಗಬೇಕಾದವನು ಮಾಜಾಳಿಯ ಕಡೆಗೆ ತಿರುಗಿದೆ. ಕಾಳಿ ಸೇತುವೆ ದಾಟುವಾಗ ಕೆಳಗೆ ಅಷ್ಟು ನೀರು ನೋಡಿ ನಾಚಿಕೆಯಾಯಿತು. ಗೋವಾ, ಬುತ್ತಿ, ಅತ್ತೆಯ ಮೊಣಕಾಲು, ಇಲ್ಲದ ಎಮ್ಮೆ, ಎಲ್ಲ ನಾನೇ ಹೊತ್ತು ತಂದ ಸಮುದ್ರ. ನಮ್ಮಿಬ್ಬರ ನಡುವೆ ಇದ್ದದ್ದು ದಡದ ಮೇಲಿನ ಮಳೆನೀರು, ಚಪ್ಪಲಿ ಕೈಯಲ್ಲಿ ಹಿಡಿದು ದಾಟುವಷ್ಟು.

ಸುಶೀ ಅಂಗಳದಲ್ಲೇ ಇದ್ದಳು. “ಅಣ್ಣಾ, ಟೆಂಪೋ ಸೋರ್ತದಲ್ಲಾ” ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಐಸಿನ ಜೊತೆ ಸೋರಿಹೋಗಿತ್ತು. “ಒಂದೇ ಪ್ರಶ್ನೆ” ಎಂದೆ. “ಹೌದು, ಅಲ್ಲ, ಅಷ್ಟೇ ಹೇಳು. ಮನೆಗೆ ಬರ್ತ್ಯಾ?” ಅವಳು ಹೌದೂ ಅನ್ನಲಿಲ್ಲ, ಅಲ್ಲವೂ ಅನ್ನಲಿಲ್ಲ. ಒಳಗೆ ಹೋಗಿ ಕಟ್ಟಿಟ್ಟ ಚೀಲ ತಂದಳು.

“ಯಾವಾಗ ಕಟ್ಟಿದ್ದೆ ಇದನ್ನ?”

“ಬೆಳಿಗ್ಗೆ. ನೀ ಫೋನ್ ಹಚ್ಚೂ ಮೊದ್ಲೇ.”

“ನಾ ಬರದೇ ಇದ್ದಿದ್ರೆ?”

“ಬಿಚ್ಚಿಡ್ತಿದ್ದೆ” ಎಂದಳು, ಅದೇನು ಮಹಾ ಎಂಬಂತೆ. ಅವಳು ಬಿಚ್ಚಿಡುವುದನ್ನು ನೆನೆದು ನಾನು ಟೆಂಪೋದ ಚಕ್ರವನ್ನು ಸುಮ್ಮನೆ ಒದ್ದು ನೋಡಿದೆ.

ಹಾರವಾಡ ಮುಟ್ಟಿದಾಗ ಅರ್ಧ ಐಸೂ ಉಳಿದಿರಲಿಲ್ಲ. ದೋಣಿಯವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಆದರೆ ಕರಗುವುದನ್ನು ಕಂಡು ನಾನು ಹೊಟ್ಟೆ ಉರಿಸಿಕೊಳ್ಳದೆ ಇದ್ದದ್ದು ಅದೊಂದೇ ದಿನ. ಸಂಜೆ ಸುಶೀ ಮರದ ಕೆಳಗೆ ಕುಳಿತು ಮೊಣಕೈವರೆಗೆ ರಸ ಸುರಿಸಿಕೊಂಡು ಹಣ್ಣು ತಿಂದಳು. ನಾಗವೇಣಿ ಪಕ್ಕದಲ್ಲಿ ಕುಳಿತು, ಎಷ್ಟು ವರ್ಷದಿಂದ ತಾನು ಇದನ್ನೇ ಹೇಳುತ್ತಿದ್ದೆ ಎಂದು ನನಗೆ ಕೇಳುವಷ್ಟು ದೊಡ್ಡದಾಗಿ ಅವಳಿಗೆ ಹೇಳಿದಳು.

ವಾರ ಕಳೆದು ಅವಳನ್ನು ಬಸ್ಸಿಗೆ ಹತ್ತಿಸಲು ಹೋದೆವು. “ಬರ್ತೆ ಅಣ್ಣಾ” ಎಂದಳು. ನಾನು ಎದೆ ತುಂಬಿ, “ನಿನ್ನ ಮನೇನೇ ಸುಶೀ, ಯಾವಾಗ ಬೇಕಾದ್ರೂ…” ಎನ್ನುವಷ್ಟರಲ್ಲಿ ನಾಗವೇಣಿ ನನ್ನ ತೋಳು ಚಿವುಟಿದಳು. ಇಷ್ಟೆಲ್ಲ ಆದ ಮೇಲೂ ನನ್ನ ತಲೆ ಮತ್ತೆ ಹೆದ್ದಾರಿಗೆ ಹತ್ತಿತ್ತು, ನೋಡಿ. ಬಸ್ಸು ಹೊರಟಿತು. ಪಕ್ಕದಲ್ಲೇ ಓಡುತ್ತ ಕೂಗಿದೆ, “ಚೌತಿಗೆ ನಾನೇ ಕರೆಯೂಕೆ ಬರ್ತೆ!”

ಸುಶೀ ಕಿಟಕಿಯಿಂದ ತಲೆ ಹೊರಗೆ ಹಾಕಿದಳು.

“ಐಸ್ ಇಳಿಸಿ ಬಾ!”